ನ್ಯಾಟ್ ಅನ್ನೋ ಯುದ್ಧವಿಮಾನವನ್ನು ಅಷ್ಟು ಚಿಕ್ಕದಾಗಿ ಯಾಕೆ ಮಾಡಿದರು? ದುಡ್ಡು ಉಳಿಸೋಕಾ?

ದುಡ್ಡೂ ಒಂದು ಕಾರಣ, ಇಲ್ಲ ಅನ್ನಲ್ಲ. ಆದರೆ ಅದರ ಹಿಂದೆ ಒಬ್ಬ ಮನುಷ್ಯನ ಹಟ ಇತ್ತು.

ಟೆಡ್ಡಿ ಪೆಟರ್ ಅಂತ ಇಂಗ್ಲೆಂಡಿನ ಎಂಜಿನಿಯರ್. ಕ್ಯಾನ್‌ಬೆರಾ ಬಾಂಬರ್ ಇವನದೇ ಡಿಸೈನ್. 1950ರ ಹೊತ್ತಿಗೆ ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ದಪ್ಪ ಆಗ್ತಾ ಇದ್ದವು. ಒಂದು ಸಾಮಾನು ಸೇರಿಸಿದರೆ ಅದನ್ನು ಹೊರೋಕೆ ದೊಡ್ಡ ರೆಕ್ಕೆ ಬೇಕು, ರೆಕ್ಕೆ ದೊಡ್ಡದಾದರೆ ದೊಡ್ಡ ಎಂಜಿನ್ ಬೇಕು, ಎಂಜಿನ್ ದೊಡ್ಡದಾದರೆ ಇಂಧನ ಜಾಸ್ತಿ, ಇಂಧನದ ತೂಕಕ್ಕೆ ಮತ್ತೆ ರೆಕ್ಕೆ. ನಮ್ಮ ಮದುವೆಗೆ ಕರೆಯೋರ ಪಟ್ಟಿ ಬೆಳೆಯುತ್ತಲ್ಲ, ಹಾಗೆ. ಪೆಟರ್ ಈ ಪಟ್ಟಿಯನ್ನೇ ಉಲ್ಟಾ ಓದಿದ. ಮೊದಲು ಒಂದು ಹಗುರ ಎಂಜಿನ್, ಅದರ ಸುತ್ತ ಸಾಕಾಗುವಷ್ಟೇ ವಿಮಾನ. ಹಳೆ ಕಂಪನಿ ಬಿಟ್ಟು ಫಾಲಂಡ್ ಅನ್ನೋ ಸಣ್ಣ ಕಂಪನಿ ಸೇರಿ ಇದನ್ನೇ ಮಾಡಿದ.

ಮೊದಲು ಬಂದಿದ್ದು ಮಿಜ್ ಅನ್ನೋ ಪ್ರಯೋಗದ ವಿಮಾನ. 1954ರ ಆಗಸ್ಟ್‌ನಲ್ಲಿ ಹಾರಿತು. ವೈಪರ್ ಎಂಜಿನ್‌ಗೆ ಶಕ್ತಿ ಕಡಿಮೆ, ಆದರೆ ಐಡಿಯಾ ಸರಿ ಅಂತ ಗೊತ್ತಾಯಿತು. ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ ಎಂಜಿನ್ ಹಾಕಿ 1955ರ ಜುಲೈ 18ಕ್ಕೆ ಹಾರಿಸಿದ್ದೇ ನ್ಯಾಟ್. ನ್ಯಾಟ್ ಅಂದರೆ ನಮ್ಮ ನೊರಜು. ಹೆಸರಿಟ್ಟವರಿಗೆ ತಮಾಷೆ ಗೊತ್ತಿತ್ತು.

ಎಷ್ಟು ಚಿಕ್ಕದು ಅಂದರೆ, ಅಮೆರಿಕದ ಸೇಬರ್ ಯುದ್ಧವಿಮಾನದ ರೆಕ್ಕೆ ತುದಿಯಿಂದ ತುದಿಗೆ ಸುಮಾರು 11 ಮೀಟರ್, ನ್ಯಾಟ್‌ದು 7 ಮೀಟರ್ ಕೂಡ ಇಲ್ಲ. ಖಾಲಿ ತೂಕ ಸೇಬರ್‌ನ ಅರ್ಧಕ್ಕಿಂತ ಕಡಿಮೆ. ಪಕ್ಕದಲ್ಲಿ ನಿಂತರೆ ಇದು ಪೂರ್ತಿ ಸೈಜಿನ ವಿಮಾನವಾ ಅಂತ ಅನುಮಾನ ಬರುತ್ತದೆ, ನನಗಂತೂ ಬಂತು. ಮೆಕ್ಯಾನಿಕ್‌ಗೆ ಬಹಳಷ್ಟು ಕೆಲಸಕ್ಕೆ ಏಣಿಯೇ ಬೇಡ. ಕಾಕ್‌ಪಿಟ್‌ನ ಎರಡೂ ಪಕ್ಕ ಗಾಳಿ ಒಳಗೆ ಹೋಗುವ ಬಾಯಿ ಇದೆಯಲ್ಲ, ಅದರ ಹೊರ ಅಂಚನ್ನು ಗಮನಿಸಿ ನೋಡಿ. ಅಲ್ಲೊಂದು ತೂತು. ಅದೇ 30 ಮಿಲಿಮೀಟರ್ ಗನ್! ಬೇರೆ ಕಡೆ ಜಾಗ ಎಲ್ಲಿತ್ತು? ನನಗೆ ಇನ್ನೂ ಇಷ್ಟವಾದದ್ದು ಚಕ್ರದ ಉಪಾಯ. ಗಾಳಿಯಲ್ಲಿ ವೇಗ ತಗ್ಗಿಸೋಕೆ ಬೇರೆ ಏರ್‌ಬ್ರೇಕ್ ಇಡಲಿಲ್ಲ, ಚಕ್ರಗಳನ್ನೇ ಅರ್ಧ ಇಳಿಸಿದರೆ ಅದರ ಬಾಗಿಲುಗಳು ಗಾಳಿಗೆ ಅಡ್ಡ ನಿಲ್ಲುತ್ತವೆ. ಒಂದೇ ಸಾಮಾನು, ಎರಡು ಕೆಲಸ.

ಬ್ರಿಟಿಷ್ ವಾಯುಪಡೆ ಇದನ್ನು ಫೈಟರ್ ಆಗಿ ತಗೊಳ್ಳಲೇ ಇಲ್ಲ. ಎರಡು ಸೀಟಿನ ತರಬೇತಿ ವಿಮಾನ ಮಾತ್ರ ತಗೊಂಡರು, ರೆಡ್ ಆರೋಸ್ ತಂಡ 1965ರಿಂದ 1979ರ ತನಕ ಅದರಲ್ಲೇ ಕಸರತ್ತು ಮಾಡಿತು. ಫಿನ್‌ಲ್ಯಾಂಡ್ 13 ಕೊಂಡಿತು. ನಿಜವಾಗಿ ಕೈ ಹಿಡಿದಿದ್ದು ಭಾರತ. 1956ರಲ್ಲಿ ಲೈಸೆನ್ಸ್ ಒಪ್ಪಂದ ಆಯಿತು, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕಟ್ಟೋಕೆ ಶುರು ಮಾಡಿದರು. ಎಚ್‌ಎಎಲ್‌ನ ಎಂಜಿನ್ ವಿಭಾಗ ಹುಟ್ಟಿದ್ದೇ ಈ ಆರ್ಫಿಯಸ್ ಮಾಡೋಕೆ. ಮುಂದೆ ಎಚ್‌ಎಎಲ್‌ನದೇ ಯುದ್ಧವಿಮಾನ ಮಾರುತ್‌ಗೆ ಎರಡೆರಡು ಹಾಕಿದ್ದೂ ಆರ್ಫಿಯಸ್‌ಗಳನ್ನೇ.

1965ರ ಯುದ್ಧದಲ್ಲಿ ಪಾಕಿಸ್ತಾನದ ಹತ್ತಿರ ಇದ್ದದ್ದು ಸೇಬರ್‌ಗಳು, ಆ ಯುದ್ಧದ ನಂತರ ನ್ಯಾಟ್‌ಗೆ ಸೇಬರ್ ಸ್ಲೇಯರ್, ಅಂದರೆ ಸೇಬರ್ ಕೊಲ್ಲುವವ, ಅನ್ನೋ ಬಿರುದು ಬಂತು. ಚಿಕ್ಕದು ಅಂತ ಕಣ್ಣಿಗೆ ಬೀಳುವುದೇ ಕಷ್ಟ, ಬಿದ್ದರೂ ಅಷ್ಟರಲ್ಲಿ ತಿರುಗಿಬಿಟ್ಟಿರುತ್ತದೆ. 1971ರ ನವೆಂಬರ್ 22ಕ್ಕೆ ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ಗಡಿಯ ಬೋಯ್ರಾದಲ್ಲಿ ನಾಲ್ಕು ನ್ಯಾಟ್‌ಗಳು ಸೇಬರ್‌ಗಳ ಮೇಲೆ ಬಿದ್ದವು. ಇಬ್ಬರು ಪಾಕಿಸ್ತಾನಿ ಪೈಲಟ್‌ಗಳು ಪ್ಯಾರಾಚೂಟ್‌ನಲ್ಲಿ ಇಳಿದು ಸೆರೆ ಸಿಕ್ಕರು, ಅವರಲ್ಲಿ ಒಬ್ಬರು ಮುಂದೆ ಅಲ್ಲಿನ ವಾಯುಪಡೆಯ ಮುಖ್ಯಸ್ಥರೇ ಆದರು. ಆ ನಾಲ್ಕು ನ್ಯಾಟ್‌ಗಳಲ್ಲಿ ಒಂದನ್ನು ಹಾರಿಸುತ್ತಿದ್ದವರು ನಮ್ಮ ಕೊಡವರು, ಎಂ. ಎ. ಗಣಪತಿ. ಅದೇ ವರ್ಷ ಡಿಸೆಂಬರ್ 14ಕ್ಕೆ ಶ್ರೀನಗರದಲ್ಲಿ ಒಬ್ಬರೇ ಹೋರಾಡಿ ಸತ್ತ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರದೂ ನ್ಯಾಟ್. ವಾಯುಪಡೆಗೆ ಬಂದಿರುವ ಒಂದೇ ಒಂದು ಪರಮವೀರ ಚಕ್ರ ಅವರದು.

ಹಾಗಂತ ಹೊಗಳಿ ಅಟ್ಟಕ್ಕೇರಿಸೋದೂ ಬೇಡ. ಎಲ್ಲವನ್ನೂ ಒತ್ತಿ ಒತ್ತಿ ತುಂಬಿದ್ದರಿಂದ ರಿಪೇರಿಗೆ ಕೈ ಹಾಕೋದು ತಲೆನೋವು. ಗನ್ ಜಾಮ್ ಆಗುತ್ತಿತ್ತು. ಇಂಧನ ಕಡಿಮೆ, ದೂರ ಹೋಗೋಕೆ ರೆಕ್ಕೆ ಕೆಳಗೆ ಟ್ಯಾಂಕ್ ಕಟ್ಟಬೇಕು, ಟ್ಯಾಂಕ್ ಕಟ್ಟಿದರೆ ಬಾಂಬಿಗೆ ಜಾಗ ಇಲ್ಲ. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕೈಕೊಟ್ಟರೆ ಬಾಲದ ರೆಕ್ಕೆಯನ್ನು ಕೈಯ ಬಲದಲ್ಲೇ ಸಂಭಾಳಿಸಬೇಕು, ಅದು ಹೊಸಬರ ಕೆಲಸ ಅಲ್ಲ. ಎಚ್‌ಎಎಲ್‌ನವರು ರೆಕ್ಕೆಯೊಳಗೇ ಇಂಧನ ತುಂಬಿಸಿ, ಕೆಳಗಿನ ಜಾಗವನ್ನು ಆಯುಧಕ್ಕೆ ಬಿಡಿಸಿಕೊಟ್ಟು, 1975ರಲ್ಲಿ ಅಜೀತ್ ಅಂತ ಹಾರಿಸಿದರು. ಅದು 1991ರ ತನಕ ಇತ್ತು.

ಅಂದ ಹಾಗೆ ಪೆಟರ್ ಏನಾದ ಅಂದರೆ, 1959ರ ಸುಮಾರಿಗೆ ವಿಮಾನದ ಸಹವಾಸವೇ ಬೇಡ ಅಂತ ಕೆಲಸ ಬಿಟ್ಟು, ಸ್ವಿಟ್ಜರ್‌ಲೆಂಡ್‌ಗೆ ಹೋಗಿ ಒಂದು ಧಾರ್ಮಿಕ ಪಂಗಡ ಸೇರಿಕೊಂಡ. ಅಲ್ಲಿಗೆ ಅವನ ಸಾಮಾನಿನ ಪಟ್ಟಿ ಇನ್ನೂ ಚಿಕ್ಕದಾಗಿರಬೇಕು.