ದುಬೈಯಲ್ಲಿ ಸಂಬಂಧಿಕರ ಮದುವೆ, ಮೂರು ದಿನಕ್ಕೆ ಹೋಗುತ್ತಿದ್ದೇವೆ. ಚಿನ್ನ ಎಷ್ಟು ಒಯ್ಯಬಹುದು? ಹೆಂಗಸರಿಗೆ 40 ಗ್ರಾಂ ಬಿಡುತ್ತಾರಂತೆ. ಮದುವೆ ಮುಗಿದ ಮೇಲೆ ಏನೇನು ನೋಡಬಹುದು?

'ಹೆಂಗಸರಿಗೆ 40 ಗ್ರಾಂ ಬಿಡುತ್ತಾರಂತೆ' ಅಂತ ಬರೆದಿದ್ದೀರಿ. ಅದನ್ನು ಹೇಳಿದವರು ಎಂಥವರು ಅಂತ ನನಗೆ ಗೊತ್ತು. ನನಗೂ ಅಂಥವರೇ ಹೇಳಿದ್ದು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದರು, ಪಾಯಸ ಬಡಿಸುವಷ್ಟರಲ್ಲಿ ಕಸ್ಟಮ್ಸ್ ಕಾನೂನು ಪೂರ್ತಿ ಹೇಳಿ ಮುಗಿಸಿದ್ದರು.

ನನ್ನ ನಾದಿನಿಯ ಮಗಳ ಮದುವೆ ದುಬೈಯಲ್ಲಿ. ನಾವು ಉಡುಪಿಯಿಂದ ಐದು ಜನ ಹೊರಟೆವು. ನನ್ನ ಹತ್ತಿರ ಅತ್ತೆ ಕೊಟ್ಟ ಕಾಸಿನ ಸರ, 12 ಪವನ್, ಅಂದರೆ 96 ಗ್ರಾಂ. ಜೊತೆಗೆ ನಾಲ್ಕು ಬಳೆ. ವಿದೇಶದಲ್ಲಿ ಮದುವೆ, ಗಂಡಿನ ಕಡೆಯವರು ಬೇರೆ ಊರಿನವರು, ನಮ್ಮ ಕಡೆಯ ಹೆಂಗಸರು ಬೋಳು ಕುತ್ತಿಗೆಯಲ್ಲಿ ನಿಲ್ಲಬಾರದು ಅಂತ ಅತ್ತೆಯ ಹಟ. ಹೊರಡುವ ವಾರ ಸರಕ್ಕೆ ಪಾಲಿಶ್ ಬೇರೆ ಹಾಕಿಸಿದೆ. ಈ ಪಾಲಿಶ್ ವಿಷಯ ನೆನಪಿಟ್ಟುಕೊಳ್ಳಿ.

ನನ್ನ ತಮ್ಮ ಗಲ್ಫ್‌ನಲ್ಲಿ ಇದ್ದು ಬಂದವನು. ಒಂದೇ ಮಾತು ಹೇಳಿದ್ದ: "ಅಕ್ಕ, ಹೋಗುವಾಗಲೇ ಏರ್‌ಪೋರ್ಟ್‌ನ ಕಸ್ಟಮ್ಸ್ ಕೌಂಟರ್‌ನಲ್ಲಿ ಚಿನ್ನ ತೋರಿಸಿ, ಇದು ಇಲ್ಲಿಂದಲೇ ಒಯ್ದದ್ದು ಅನ್ನುವ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೋ. ಅರ್ಧ ಗಂಟೆ ಜಾಸ್ತಿ ಇಟ್ಟುಕೊಂಡು ಹೋಗು." ನಾನು ಹೂಂ ಅಂದೆ. ಮಾಡಿಸುವ ಮನಸ್ಸೂ ಇತ್ತು.

ಅಷ್ಟರಲ್ಲಿ ನಾದಿನಿಯ ಫೋನ್. "ಬರುವಾಗ ಎರಡು ಅಟ್ಟೆ ಮಲ್ಲಿಗೆ ತನ್ನಿ, ಶಂಕರಪುರದ್ದೇ ಬೇಕು." ಮದುವೆ ಸೀಸನ್. ಕಟಪಾಡಿಯಲ್ಲಿ ಹೈವೇ ಬಿಟ್ಟು ಶಂಕರಪುರದ ಕಡೆ ಒಳಗೆ ಹೋದೆವು. ಆ ದಿನದ ರೇಟ್ ಇನ್ನೂ ಬಂದಿರಲಿಲ್ಲ, ಹೂ ಕಟ್ಟಿ ಮುಗಿದಿರಲಿಲ್ಲ. ಕಾದೆವು. ಹೂ ಸಿಕ್ಕಿತು. ಇಷ್ಟು ತಡ ಆಗಿದೆ ಅಂತ ಗೊತ್ತಿದ್ದೂ ಮುಲ್ಕಿಯಲ್ಲಿ ನಮ್ಮವರು ಬನ್ಸ್ ತಿನ್ನಲು ಕಾರು ನಿಲ್ಲಿಸಿದರು. ನಾನೂ ತಿಂದೆ, ಸುಳ್ಳು ಯಾಕೆ ಹೇಳಲಿ. ಬಜ್ಪೆ ಏರ್‌ಪೋರ್ಟ್ ತಲುಪುವಾಗ ಚೆಕ್‌ಇನ್ ಮುಚ್ಚುವ ಹೊತ್ತು. ನಮ್ಮವರು "ಆ ಸರ್ಟಿಫಿಕೇಟು?" ಅಂತ ನೆನಪು ಮಾಡಿದರು. "ನಮ್ಮದೇ ಚಿನ್ನ, ಯಾರು ಕೇಳುತ್ತಾರೆ?" ಅಂದೆ. ತಪ್ಪು ಇಷ್ಟೇ. ಒಂದು ವಾಕ್ಯ.

ಮದುವೆ ಚೆನ್ನಾಗಿ ಆಯಿತು. ಕಾಸಿನ ಸರವನ್ನು ಒಬ್ಬರೂ ನೋಡಲಿಲ್ಲ. ಎಲ್ಲರೂ ಮಲ್ಲಿಗೆ ಮೂಸಿ ನೋಡಿ "ಊರಿನದ್ದಾ?" ಅಂತ ಕೇಳಿದ್ದೇ ಕೇಳಿದ್ದು.

ವಾಪಸ್ ಬರುವಾಗ ಟಿಕೆಟ್ ಕಮ್ಮಿ ಅಂತ ಬೇರೊಂದು ಊರಿನಲ್ಲಿ ಇಳಿದೆವು. ಸುಂಕ ಕಟ್ಟುವಂಥದ್ದು ಏನೂ ಇಲ್ಲ ಅನ್ನುವವರು ಹೋಗುವ ಹಸಿರು ಚಾನೆಲ್‌ನಲ್ಲಿ ಧೈರ್ಯವಾಗಿ ನಡೆದೆವು. ಅಧಿಕಾರಿ ನಿಲ್ಲಿಸಿ ಕುತ್ತಿಗೆ ನೋಡಿದರು. ಎಲ್ಲಿಯದು? ಊರಿನದು. ಒಯ್ದದ್ದಕ್ಕೆ ಕಾಗದ? ಇಲ್ಲ. ಬಿಲ್? ಬಿಲ್ ಎಲ್ಲಿಂದ ಬರಬೇಕು ಮಾರಾಯ್ರೆ! ಅತ್ತೆಯ ಅಮ್ಮನ ಬಳೆ ಕರಗಿಸಿ ಊರಿನ ಆಚಾರಿ ಮಾಡಿಕೊಟ್ಟ ಸರ ಅದು. ಆಚಾರಿ ತೀರಿಕೊಂಡು ಎಷ್ಟೋ ವರ್ಷ ಆಯಿತು. "ಹಳೆಯ ಸರ ಸಾರ್" ಅಂದರೆ ಅವರು ಸರವನ್ನು ದೀಪದ ಕೆಳಗೆ ಹಿಡಿದರು. ಪಾಲಿಶ್ ಹಾಕಿಸಿದ್ದೆನಲ್ಲ, ನಿನ್ನೆ ಅಂಗಡಿಯಿಂದ ತಂದ ಹಾಗೆ ಫಳಫಳ ಅನ್ನುತ್ತಿತ್ತು.

ಅವರನ್ನು ಬಯ್ಯುವುದಿಲ್ಲ. ಗಲ್ಫ್ ವಿಮಾನದಲ್ಲಿ ಚಿನ್ನ ಕದ್ದು ತರುವವರ ಸುದ್ದಿ ಪೇಪರಿನಲ್ಲಿ ನೀವೂ ಓದುತ್ತೀರಿ. ಅವರಿಗೆ ನನ್ನ ಅತ್ತೆಯ ಅಮ್ಮನ ಬಳೆ ಹೇಗೆ ಗೊತ್ತಾಗಬೇಕು? ನಾನು 40 ಗ್ರಾಂ ಮಾತು ಎತ್ತಿದೆ. ಅವರು ಸಮಾಧಾನವಾಗಿಯೇ ಹೇಳಿದರು: ಸುಂಕ ಇಲ್ಲದೆ ಚಿನ್ನ ತರುವ ಆ ರಿಯಾಯಿತಿ ಒಂದು ವರ್ಷಕ್ಕಿಂತ ಜಾಸ್ತಿ ವಿದೇಶದಲ್ಲಿ ಇದ್ದು ಬರುವವರಿಗೆ. ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40. ಮೂರು ದಿನ ಮದುವೆ ಊಟ ಮಾಡಿ ಬಂದವರಿಗೆ ಅಲ್ಲ. ಅಂದ ಮೇಲೆ ನೀವು ದುಬೈಯ ಚಿನ್ನದ ಪೇಟೆ, ಡೇರಾದ ಗೋಲ್ಡ್ ಸೂಕ್‌ನಲ್ಲಿ ಒಂದು ಸಣ್ಣ ಸರ ತಗೊಂಡರೂ ಆ ಲೆಕ್ಕದಲ್ಲಿ ಬಿಡುವುದಿಲ್ಲ. ಗೊತ್ತಾಯಿತಲ್ಲ?

ಸರ, ಬಳೆ ಅಲ್ಲೇ ಉಳಿದವು. ಕೈಗೆ ಒಂದು ರಸೀದಿ ಬಂತು. ರಾತ್ರಿ ಬಸ್ಸು ತಪ್ಪಿತು. ಮನೆಗೆ ಬಂದು ಅತ್ತೆಗೆ ಎರಡು ದಿನ ಹೇಳಲೇ ಇಲ್ಲ. ಕಡೆಗೆ ಸಾಕ್ಷಿಗೆ ಬಂದದ್ದು 1998ರ ನನ್ನ ಮದುವೆ ಆಲ್ಬಮ್. ಧಾರೆಯ ಫೋಟೋದಲ್ಲಿ ಸರ ಕಾಣುತ್ತದೆ, ಪುಣ್ಯಕ್ಕೆ ಮಲ್ಲಿಗೆ ಅದನ್ನು ಮುಚ್ಚಿರಲಿಲ್ಲ. ಓಡಾಟ, ಅರ್ಜಿ, ವಕೀಲರು, ದಂಡ ಎಲ್ಲ ಸೇರಿ ನಾಲ್ಕು ತಿಂಗಳು. ಖರ್ಚು ಐದು ಜನರ ವಿಮಾನದ ಟಿಕೆಟ್‌ಗಿಂತ ಜಾಸ್ತಿ ಆಯಿತು.

ಹಾಗಾಗಿ 'ಎಷ್ಟು ಒಯ್ಯಬಹುದು' ಅನ್ನುವ ಪ್ರಶ್ನೆಯೇ ಸರಿ ಇಲ್ಲ. ಒಯ್ಯುವುದು ಸುಲಭ. ಯುಎಇಯಲ್ಲಿ ನಗದು, ಚಿನ್ನ 60,000 ದಿರಹಮ್ ಬೆಲೆ ದಾಟಿದರೆ ಡಿಕ್ಲೇರ್ ಮಾಡಬೇಕು, ಅಷ್ಟು ನೋಡಿಕೊಳ್ಳಿ. ಕಷ್ಟ ಇರುವುದು ವಾಪಸ್ ತರುವಾಗ. ನನ್ನ ಮಾತು ಕೇಳುವುದಾದರೆ ಕರಿಮಣಿ, ದಿನಾ ಹಾಕುವ ಬಳೆ ಬಿಟ್ಟು ಏನೂ ಬೇಡ. ಒಂದು ಗ್ರಾಂ ಗೋಲ್ಡ್‌ನ ಸೆಟ್ ಹಾಕಿ. ಹಾಲ್‌ನ ಲೈಟಿನಲ್ಲಿ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ, ತಿಳಿದರೂ ಅವರ ಹತ್ತಿರ ಇರುವುದೂ ಅದೇ. ಒಯ್ಯಲೇಬೇಕು ಅಂದರೆ ಮೊದಲೇ ವ್ಯಾಲ್ಯೂವರ್ ಹತ್ತಿರ ತೂಕ, ಬೆಲೆ ಬರೆಸಿ, ಫೋಟೋ ತೆಗೆದಿಡಿ. ಚಿನ್ನ ಕೈಬ್ಯಾಗ್‌ನಲ್ಲೇ ಇರಲಿ, ಸೂಟ್‌ಕೇಸ್‌ಗೆ ಹಾಕಬೇಡಿ. ಅಧಿಕಾರಿ ಕಣ್ಣಾರೆ ನೋಡದೆ ಸರ್ಟಿಫಿಕೇಟ್ ಕೊಡುವುದಿಲ್ಲ. ಅದನ್ನು ಬರುವಾಗ ತೋರಿಸಿ. ಮತ್ತೆ ದಯವಿಟ್ಟು ಪಾಲಿಶ್ ಬಂದ ಮೇಲೆ ಹಾಕಿಸಿ.

ಮದುವೆ ಸಾಮಾನಿನ ವಿಷಯ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ವೀಳ್ಯದೆಲೆ ದುಬೈಗೆ ಒಯ್ಯುವ ಹಾಗಿಲ್ಲ, ಅಲ್ಲಿ ಅದು ನಿಷೇಧ. ತಾಂಬೂಲಕ್ಕೆ ಏನು ಮಾಡುವುದು ಅಂತ ಮದುವೆಮನೆಯವರೇ ನೋಡಿಕೊಳ್ಳಲಿ. ಗಸಗಸೆ ಅಂತೂ ಬೇಡವೇ ಬೇಡ. ನಮಗೆ ಪಾಯಸದ ಸಾಮಾನು, ಅಲ್ಲಿ ಮಾದಕ ವಸ್ತುಗಳ ಪಟ್ಟಿಯಲ್ಲಿ ಉಂಟು. ಅತ್ತೆ ಮಸಾಲೆ ಡಬ್ಬದ ಜೊತೆ ಕಟ್ಟಿಟ್ಟಿದ್ದ ಪೊಟ್ಟಣವನ್ನು ತಮ್ಮ ಹಿಂದಿನ ರಾತ್ರಿ ತೆಗೆದು ಬಿಸಾಡಿದ್ದ. ಅವನ ಒಂದು ಮಾತಾದರೂ ನಡೆಯಿತು. ಕೋಡಿನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ಮಾತ್ರೆಗೆ ಮೊದಲೇ ಅನುಮತಿ ಬೇಕು. ಹಿರಿಯರಿದ್ದರೆ ಅವರ ಮಾತ್ರೆ ಚೀಟಿಯನ್ನೂ ಜೊತೆಗಿಡಿ. ಮಲ್ಲಿಗೆ ಗಲ್ಫ್‌ಗೆ ವಿಮಾನದಲ್ಲೇ ಹೋಗುತ್ತದೆ, ನೀವು ಹೊರಬೇಕಿಲ್ಲ. ಈ ವಿಷಯ ನನಗೆ ಗೊತ್ತಾದದ್ದು ಆಮೇಲೆ.

ಇನ್ನು ಏನು ನೋಡಬಹುದು? ಮೂರು ದಿನದಲ್ಲಿ ಒಂದು ದಿನ ಮೆಹಂದಿ, ಒಂದು ದಿನ ಮದುವೆ. ಉಳಿದದ್ದರಲ್ಲಿ ಮರುಭೂಮಿ ಸಫಾರಿ, ಅಬುಧಾಬಿ ಎಲ್ಲ ತುರುಕಬೇಡಿ. ಸಂಜೆ ಅಬ್ರಾ ದೋಣಿಯಲ್ಲಿ ಊರಿನ ನಡುವಿನ ಕ್ರೀಕ್ ದಾಟಿ, ಒಂದೇ ದಿರಹಮ್. ನನಗೆ ಗುರುಪುರ ಹೊಳೆಯ ಫೆರ್ರಿ ನೆನಪಾಯಿತು. ಬುರ್ಜ್ ಖಲೀಫಾ 828 ಮೀಟರ್, ಕೆಳಗೆ ನಿಂತು ನೋಡಲು ದುಡ್ಡಿಲ್ಲ. ಮೆಟ್ರೋದಲ್ಲಿ ಚಕ್ಕುಲಿ ಬಿಚ್ಚಬೇಡಿ, ಒಳಗೆ ತಿಂದರೆ 100 ದಿರಹಮ್ ದಂಡ.

ಮುಹೂರ್ತದ ಗಂಟೆಯನ್ನೂ ಸರಿಯಾಗಿ ನೋಡಿಕೊಳ್ಳಿ. ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ. ನಮ್ಮ ಭಾವ ಫೋನ್ ನಂಬುವವರಲ್ಲ, ಹಳೆಯ ಎಚ್‌ಎಂಟಿ ವಾಚು ನಂಬುವವರು. ಹತ್ತೂವರೆಯ ಮುಹೂರ್ತಕ್ಕೆ ಒಂಬತ್ತಕ್ಕೇ ಹಾಲ್ ತಲುಪಿ, ಮಂಟಪ ಕಟ್ಟುವವರ ಜೊತೆ ಕೂತು ಚಹಾ ಕುಡಿಯುತ್ತಿದ್ದರು.

ನೀವು ಉಡುಪಿ ಕಡೆಯಿಂದ ಹೊರಡುವುದಾ, ಮಂಗಳೂರಿನಿಂದಲಾ ಅಂತ ಬರೆದಿಲ್ಲ. ಉಡುಪಿಯಿಂದಾದರೆ ವಿಮಾನಕ್ಕೆ ಐದಾರು ಗಂಟೆ ಮೊದಲೇ ಮನೆ ಬಿಡಿ. ಕಟಪಾಡಿಯಲ್ಲಿ ಎಡಕ್ಕೆ ತಿರುಗಬೇಡಿ. ಬನ್ಸ್ ಕಟ್ಟಿಸಿಕೊಂಡು ಕಾರಿನಲ್ಲೇ ತಿನ್ನಿ.