ದಾಸವಾಳಕ್ಕೆ ಬರುವ ಹಕ್ಕಿ ಹಮ್ಮಿಂಗ್‌ಬರ್ಡ್ ಹೌದೇ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಹಿತ್ತಲಿನ ದಾಸವಾಳಕ್ಕೆ ದಿನಾಲೂ ಬೆಳಿಗ್ಗೆ ಬೆರಳುದ್ದದ ಹಕ್ಕಿಯೊಂದು ಬರುತ್ತದೆ. ನೆರಳಿನಲ್ಲಿ ಕಪ್ಪಗೆ ಕಾಣುವ ಮೈ ಬಿಸಿಲಿಗೆ ನೀಲಿ, ನೇರಳೆಯಾಗಿ ಮಿನುಗುತ್ತದೆ. ಒಮ್ಮೊಮ್ಮೆ ಬೈಕಿನ ಕನ್ನಡಿಯನ್ನು ಬಿಡದೆ ಕುಕ್ಕುತ್ತದೆ. ಇದು ಹಮ್ಮಿಂಗ್‌ಬರ್ಡ್ ಎಂದು ಮಗಳು ವಾದಿಸುತ್ತಾಳೆ. ನಿಜವೇ?
– ಓದುಗರು, ಸೇಡಂ

ಉತ್ತರ: ಅಲ್ಲ. ನೀವು ನೋಡಿದ್ದು ಗಂಡು ಸೂರಕ್ಕಿ. ಈಗ ಬದುಕಿರುವ ಸುಮಾರು 360 ಬಗೆಯ ಹಮ್ಮಿಂಗ್‌ಬರ್ಡ್‌ಗಳೆಲ್ಲವೂ ಉತ್ತರ ಮತ್ತು ದಕ್ಷಿಣ ಅಮೆರಿಕ ಹಾಗೂ ಅವುಗಳ ನಡುವಿನ ಕೆರಿಬಿಯನ್ ದ್ವೀಪಗಳಲ್ಲಿಯೇ ಇವೆ. ನಮ್ಮ ದೇಶದಲ್ಲಿ ಒಂದೂ ಇಲ್ಲ. ಆದರೂ ಮಗಳನ್ನು ಗದರಿಸಬೇಡಿ, ಏಕೆಂದರೆ ಹೊಳೆಯುವ ಗರಿ, ಉದ್ದ ಕೊಕ್ಕು, ಮಕರಂದದ ಆಸೆ ಇವೆಲ್ಲ ಎರಡಕ್ಕೂ ಸಮಾನವಾಗಿರುವುದರಿಂದ ದೊಡ್ಡವರೂ ಇಲ್ಲಿ ಎಡವುತ್ತಾರೆ.

ವ್ಯತ್ಯಾಸ ಇರುವುದು ಭುಜದಲ್ಲಿ. ಹಮ್ಮಿಂಗ್‌ಬರ್ಡ್‌ನ ರೆಕ್ಕೆ ಭುಜದ ಕೀಲಿನಲ್ಲಿ ಪೂರ್ತಿ ಹೊರಳಬಲ್ಲದು; ಮಲಗಿಸಿದ 8ರ ಅಂಕಿಯಂತೆ ಹಿಂದೆ ಮುಂದೆ ಬೀಸುವಾಗ, ಉಳಿದ ಹಕ್ಕಿಗಳಲ್ಲಿ ಹೆಚ್ಚುಕಡಿಮೆ ವ್ಯರ್ಥವಾಗುವ ಹಿಂಬೀಸಿನಲ್ಲಿಯೂ ಅದಕ್ಕೆ ಮೈಭಾರದ ಸುಮಾರು ಕಾಲುಭಾಗವನ್ನು ಹೊರುವಷ್ಟು ಆಧಾರ ದೊರೆಯುತ್ತದೆ. ಸೆಕೆಂಡಿಗೆ ಸುಮಾರು 50 ಸಲ ರೆಕ್ಕೆ ಬಡಿಯುವ ಮಾಣಿಕ್ಯಗೊರಳಿನ ಹಮ್ಮಿಂಗ್‌ಬರ್ಡ್ ಹೂವಿನ ಮುಂದೆ ಗಾಳಿಯಲ್ಲಿ ನಿಂತು ಕುಡಿಯುತ್ತದೆ, ಮುಗಿದ ಮೇಲೆ ಹಿಮ್ಮುಖವಾಗಿ ಹಾರಿ ಹೊರಬರುತ್ತದೆ. ನಿಮ್ಮ ಸೂರಕ್ಕಿಯೂ ಒಂದೆರಡು ಕ್ಷಣ ಗಾಳಿಯಲ್ಲಿ ನಿಲ್ಲುವುದುಂಟು, ಆದರೆ ಬೇಗ ದಣಿಯುತ್ತದೆ. ನಾಳೆ ಬೆಳಿಗ್ಗೆ ಗಮನವಿಟ್ಟು ನೋಡಿ: ಅದು ತೊಟ್ಟನ್ನು ಕಾಲುಗಳಿಂದ ಭದ್ರವಾಗಿ ಹಿಡಿದು, ದಾಸವಾಳದ ಬುಡಕ್ಕೆ ಕೊಕ್ಕು ಚುಚ್ಚಿ, ಸಣ್ಣ ತೂತಿನಿಂದ ಮಕರಂದ ಹೀರುತ್ತದೆ. ಪರಾಗವನ್ನು ಮುಟ್ಟದೆ ಊಟವನ್ನಷ್ಟೇ ಮಾಡಿ ಹೋಗುವುದರಿಂದ ಇದನ್ನು ಕಳ್ಳತನವೆನ್ನದೆ ಬೇರೆ ದಾರಿಯಿಲ್ಲ.

ಎರಡೂ ಒಂದೇ ಮನೆತನದವಲ್ಲ ಎಂಬುದು ನನಗೆ ಇನ್ನೂ ಸೋಜಿಗ. ಸೂರಕ್ಕಿ ಗುಬ್ಬಿ, ಕಾಗೆಗಳ ಗಣಕ್ಕೆ ಸೇರಿದ್ದು. ಹಮ್ಮಿಂಗ್‌ಬರ್ಡ್‌ನ ನಿಜವಾದ ನೆಂಟನನ್ನು ನಮ್ಮ ಕಡೆ ಹುಡುಕುವುದಾದರೆ ಹೂವನ್ನಲ್ಲ, ಸಂಜೆಯ ಆಕಾಶವನ್ನು ನೋಡಬೇಕು. ಹಳೆಯ ಗುಮ್ಮಟ, ಕಮಾನುಗಳ ಸುತ್ತ ಕಿರುಚುತ್ತಾ ಗಿರಕಿ ಹೊಡೆಯುವ ಬಾನಾಡಿಯೇ (ಇಂಗ್ಲಿಷಿನ ಸ್ವಿಫ್ಟ್) ಅದು. ನಡೆಯಲು ಬಾರದ ಪುಟ್ಟ ಕಾಲು, ಮೋಟು ತೋಳಿಗೆ ಉದ್ದನೆಯ ಹಸ್ತ – ಈ ಮೈಕಟ್ಟು ಇಬ್ಬರದೂ ಒಂದೇ. ಜರ್ಮನಿಯಲ್ಲಿ ದೊರೆತು 2004ರಲ್ಲಿ ಪ್ರಕಟವಾದ ಸುಮಾರು 3 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಿಂದ, ಹಮ್ಮಿಂಗ್‌ಬರ್ಡ್‌ಗಳ ಪೂರ್ವಿಕರು ಒಂದು ಕಾಲಕ್ಕೆ ಯುರೋಪಿನಲ್ಲಿಯೂ ಇದ್ದರೆಂದು ತಿಳಿದುಬಂದಿದೆ.

ಕನ್ನಡಿಯಲ್ಲಿ ಕಾಣುವ ತನ್ನದೇ ಬಿಂಬವನ್ನು ನಿಮ್ಮ ಹಕ್ಕಿ ಎದುರಾಳಿ ಗಂಡೆಂದು ಭಾವಿಸಿದೆ. ಕನ್ನಡಿಗೆ ಹಳೆಯ ಕಾಲುಚೀಲ ತೊಡಿಸಿದರೆ ಜಗಳ ಮುಗಿಯುತ್ತದೆ.

ಪ್ರಶ್ನೆ: ಹಮ್ಮಿಂಗ್‌ಬರ್ಡ್ ಹಗಲೆಲ್ಲ ತಿನ್ನುತ್ತಲೇ ಇರಬೇಕಂತೆ. ಹಾಗಾದರೆ ರಾತ್ರಿ ಉಪವಾಸದಲ್ಲಿ ಸಾಯುವುದಿಲ್ಲವೇ?
– ಓದುಗರು, ಯಾದಗಿರಿ

ಉತ್ತರ: ಸಾಯಬಾರದೆಂದೇ ಅದು ಅರ್ಧ ಸತ್ತಂತೆ ಮಲಗುತ್ತದೆ. ಹಾರುವಾಗ ನಿಮಿಷಕ್ಕೆ ಸಾವಿರವನ್ನೂ ದಾಟಬಲ್ಲ ಎದೆಬಡಿತ, ಚಳಿಯ ರಾತ್ರಿಗಳಲ್ಲಿ ಬರುವ ಈ ಜಡನಿದ್ದೆಯಲ್ಲಿ 50ರ ಆಸುಪಾಸಿಗೆ ಇಳಿಯುತ್ತದೆ. 40 ಡಿಗ್ರಿ ಸೆಲ್ಸಿಯಸ್‌ನಷ್ಟಿದ್ದ ಮೈಬಿಸಿಯೂ ಕುಸಿಯುತ್ತದೆ. ಪೆರು ದೇಶದ ಆಂಡಿಸ್ ಪರ್ವತಗಳಲ್ಲಿ ಒಂದು ಹಕ್ಕಿಯ ಮೈಬಿಸಿ 3.3 ಡಿಗ್ರಿಗೆ ಇಳಿದಿದ್ದನ್ನು 2020ರಲ್ಲಿ ವರದಿ ಮಾಡಿದ್ದಾರೆ. ಅಂಥ ಹಕ್ಕಿಯನ್ನು ಕೈಗೆತ್ತಿಕೊಂಡರೂ ತಕ್ಷಣ ಎಚ್ಚರವಾಗುವುದಿಲ್ಲ. ನಸುಕಿನಲ್ಲಿ ಎದೆಯ ಸ್ನಾಯುಗಳನ್ನು ಗಡಗಡ ನಡುಗಿಸಿ, ಮೈ ಕಾಯಿಸಿಕೊಂಡೇ ಅದು ಹಾರಬೇಕು. ಅಂದಹಾಗೆ, ಅದರ ಊಟ ಬರೀ ಮಕರಂದವಲ್ಲ. ಸಣ್ಣ ನೊಣ, ಜೇಡಗಳನ್ನು ತಿನ್ನದಿದ್ದರೆ ಪ್ರೋಟೀನ್ ದೊರೆಯುವುದಿಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ ಹಮ್ಮಿಂಗ್‌ಬರ್ಡ್‌ಗೆಂದು ಮಾರುವ ಕೆಂಪು ಬಾಟಲಿ ತರಿಸಿದ್ದೇನೆ. ಸಕ್ಕರೆ ನೀರು ತುಂಬಿ ತೂಗುಹಾಕಿದರೆ ಇಲ್ಲಿನ ಹಕ್ಕಿಗಳು ಬರುತ್ತವೆಯೇ?
– ಓದುಗರು, ಬೀದರ್

ಉತ್ತರ: ಬರಬಹುದು, ಆದರೆ ಮೊದಲು ಬರುವುದು ಇರುವೆ. ನಾಲ್ಕು ಪಾಲು ನೀರಿಗೆ ಒಂದು ಪಾಲು ಬಿಳಿ ಸಕ್ಕರೆ ಸಾಕು. ಬೆಲ್ಲ, ಜೇನು, ಬಣ್ಣ ಬೇಡ. ನಮ್ಮ ಬೇಸಿಗೆಯಲ್ಲಿ ಸಕ್ಕರೆ ನೀರು ಬೇಗ ಹುಳಿಯುವುದರಿಂದ ದಿನವೂ ಚೆಲ್ಲಿ, ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆಯಬೇಕು. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಒಂದು ದಾಳಿಂಬೆ ಗಿಡ ನೆಡುವುದೇ ಲೇಸು. ಬಾಟಲಿಯನ್ನೇ ಹಾಕುವುದಾದರೆ ಅದರ ಬಾಯಿಯ ಕೆಳಗೆ ಒಂದು ಕಡ್ಡಿ ಕಟ್ಟಿ, ಏಕೆಂದರೆ ಗಾಳಿಯಲ್ಲಿ ನಿಂತು ಕುಡಿಯುವವರಿಗಾಗಿ ಮಾಡಿದ ಬಾಟಲಿಯಲ್ಲಿ ಸೂರಕ್ಕಿಗೆ ಕಾಲೂರಲು ಜಾಗವಿರುವುದಿಲ್ಲ.