ಅಪ್‌ಲೋಡ್ ಎಷ್ಟಿದೆ ನೋಡಿದ್ದೀರಾ?

ಓದುಗರ ಪ್ರಶ್ನೆ: ಈ ಸಲ ಕಚೇರಿ ಮೀಟಿಂಗ್, ಫೋನ್ ಮತ್ತು ಇಂಟರ್‌ನೆಟ್ ಲೆಕ್ಕ

ಪ್ರಶ್ನೆ: ನಮ್ಮದು 40 ಜನರ ಲೆಕ್ಕಪರಿಶೋಧನೆ ಕಚೇರಿ. ಸೋಮವಾರ ಬೆಳಿಗ್ಗೆ 10ಕ್ಕೆ 24 ಜನ ಅವರವರ ಟೇಬಲ್‌ನಿಂದಲೇ ಜೂಮ್ ಮೀಟಿಂಗ್‌ಗೆ ಸೇರುತ್ತಾರೆ. ಹತ್ತೇ ನಿಮಿಷದಲ್ಲಿ ಮುಖಗಳು ಅಲ್ಲಲ್ಲೇ ನಿಂತುಬಿಡುತ್ತವೆ, ಮಾತು ತುಂಡು ತುಂಡು. 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಇದ್ದ ಪ್ಲಾನನ್ನು 200ಕ್ಕೆ ಏರಿಸಿದೆವು. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ 94, ಅಪ್‌ಲೋಡ್ 18 ಬರುತ್ತದೆ. ಇನ್ನೂ ದೊಡ್ಡ ಪ್ಲಾನ್ ಹಾಕಿಸಬೇಕೇ? (ಹುಬ್ಬಳ್ಳಿ)

ಉತ್ತರ: ತಡೆಯಿರಿ. ನೀವು ಕೊಟ್ಟ ಎರಡು ಅಂಕಿಗಳಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ.

ಮೊದಲು ಆ 94. 200ರ ಪ್ಲಾನ್ ಇದ್ದೂ ಟೆಸ್ಟ್ 94–95ಕ್ಕೆ ಬಂದು ನಿಲ್ಲುತ್ತದೆ ಎಂದರೆ ದಾರಿಯಲ್ಲಿ ಯಾವುದೋ ಒಂದು ಕೊಂಡಿ 100 ಎಂಬಿಪಿಎಸ್‌ನಲ್ಲೇ ಓಡುತ್ತಿದೆ. ಮಾಹಿತಿಯ ತುಣುಕುಗಳಿಗೆ (ಪ್ಯಾಕೆಟ್) ಅಂಟಿಸುವ ವಿಳಾಸದ ಚೀಟಿಗಳ, ಅಂದರೆ ಹೆಡರ್‌ಗಳ ಭಾರ ಕಳೆದ ಮೇಲೆ ಉಳಿಯುವುದು ಅಷ್ಟೇ. ಹಳೆಯ ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳನ್ನು ಕೂಡಿಸುವ ಡಬ್ಬಿ) ಇರಬಹುದು, ರೂಟರ್ ಇರಬಹುದು, ಬಹಳ ಸಲ ಬರೀ ಕೇಬಲ್. ಗಿಗಾಬಿಟ್ ವೇಗಕ್ಕೆ (1000 ಎಂಬಿಪಿಎಸ್) ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಸರಿಯಿರಬೇಕು, 100ಕ್ಕೆ ಎರಡು ಜೋಡಿ ಸಾಕು. ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವಾಗ (ಕ್ರಿಂಪ್) ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ಪಿನ್ನಿಗೆ ತಾಗದೆ ಹೋದರೂ ಲಿಂಕ್ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಲೈಟ್ ಉರಿಯುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಲ್ಯಾಪ್‌ಟಾಪನ್ನು ನೇರವಾಗಿ ರೂಟರ್‌ಗೆ ಸಿಕ್ಕಿಸಿ, ವಿಂಡೋಸ್‌ನ ಈಥರ್ನೆಟ್ ಸ್ಟೇಟಸ್‌ನಲ್ಲಿ ವೇಗ 1 ಜಿಬಿಪಿಎಸ್ ಇದೆಯೋ 100 ಎಂಬಿಪಿಎಸ್ ಇದೆಯೋ ನೋಡಿ. ಅಲ್ಲಿ ಸರಿಯಿದ್ದರೆ ರೂಟರ್‌ನಿಂದ ಫೈಬರ್ ಡಬ್ಬಿಗೆ ಹೋಗುವ ಗೇಣುದ್ದದ ಕೇಬಲ್ ಬದಲಿಸಿ ನೋಡಿ.

ಇಷ್ಟಾದರೂ ನಿಮ್ಮ ಮೀಟಿಂಗ್ ಸರಿಯಾಗುವುದಿಲ್ಲ. ಅದನ್ನು ಕೆಡಿಸುತ್ತಿರುವುದು 18.

24 ಜನ ಒಂದೇ ಕಟ್ಟಡದಲ್ಲಿ, ಒಂದೇ ಮೀಟಿಂಗ್‌ನಲ್ಲಿ ಇದ್ದರೂ ಚಿತ್ರ ಒಂದು ಸಲ ಬಂದು ಒಳಗೆ ಹಂಚಿಕೆಯಾಗುವುದಿಲ್ಲ. ಪ್ರತಿಯೊಬ್ಬರ ಕ್ಯಾಮೆರಾ ಚಿತ್ರವೂ ಬೇರೆಯಾಗಿಯೇ ಜೂಮ್ ಸರ್ವರ್‌ಗೆ ಹೋಗಬೇಕು, ಉಳಿದವರ ಚಿತ್ರ ಪ್ರತಿಯೊಬ್ಬರಿಗೂ ಬೇರೆಯಾಗಿಯೇ ಬರಬೇಕು. ಪಕ್ಕದ ಟೇಬಲ್ಲಿನವರ ಮುಖವೂ ಊರೆಲ್ಲ ಸುತ್ತಿಯೇ ನಿಮ್ಮ ಪರದೆಗೆ ಬರುತ್ತದೆ. ಜೂಮ್ ಕೊಟ್ಟಿರುವ ಅಂಕಿಗಳ ಪ್ರಕಾರ ಗುಂಪು ಮೀಟಿಂಗ್‌ನಲ್ಲಿ ಸಾಧಾರಣ ವಿಡಿಯೊ ಕಳಿಸಲು 1 ಎಂಬಿಪಿಎಸ್, 25 ಮುಖಗಳ ಗ್ಯಾಲರಿ ನೋಡಲು 2 ಎಂಬಿಪಿಎಸ್ ಬೇಕು. ಹಾಗಾಗಿ ನಿಮಗೆ ಅಪ್‌ಲೋಡ್ 24, ಡೌನ್‌ಲೋಡ್ 48. ಮೀಟಿಂಗ್‌ನಲ್ಲಿಲ್ಲದ 16 ಜನರ ಬ್ರೌಸಿಂಗ್, ಮೇಲ್‌ಗೆ ತಲಾ ಅರ್ಧ ಎಂಬಿಪಿಎಸ್ ಡೌನ್, ಕಾಲು ಎಂಬಿಪಿಎಸ್ ಅಪ್ ಹಿಡಿಯೋಣ: 8 ಮತ್ತು 4. ಒಟ್ಟು ಡೌನ್ 56, ಅಪ್ 28. ಲೈನು ನೂರಕ್ಕೆ 70ರಷ್ಟು ತುಂಬಿದರೆ ಅದೇ ಮಿತಿ ಎಂದಿಟ್ಟುಕೊಂಡು 0.7ರಿಂದ ಭಾಗಿಸಿ: ಡೌನ್ 80, ಅಪ್ 40.

ಅಂದರೆ ಹಳೆಯ 100ರ ಪ್ಲಾನ್‌ನಲ್ಲೇ ಡೌನ್‌ಲೋಡ್ ಸಾಕಾಗಿತ್ತು. ಇಂಟರ್‌ನೆಟ್ ಕಂಪನಿಯವರನ್ನು ಕೇಳಬೇಕಾದ ಪ್ರಶ್ನೆ ‘ಅಪ್‌ಲೋಡ್ ಎಷ್ಟು ಕೊಡುತ್ತೀರಿ?’ ಎಂಬುದೊಂದೇ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಸಾಮಾನ್ಯವಾಗಿ ಡೌನ್‌ಲೋಡ್.

ಖರ್ಚಿಲ್ಲದ ದಾರಿಯೂ ಇದೆ. ಮಾತಾಡುವವರು ಮಾತ್ರ ಕ್ಯಾಮೆರಾ ಹಾಕಿದರೆ ಉಳಿದವರದು ಬರೀ ಧ್ವನಿ, ತಲಾ 60–80 ಕೆಬಿಪಿಎಸ್. 24 ಜನರದು ಸೇರಿದರೂ 2 ಎಂಬಿಪಿಎಸ್ ದಾಟುವುದಿಲ್ಲ. ಇನ್ನೂ ಒಳ್ಳೆಯದೆಂದರೆ ಎಲ್ಲರೂ ಒಂದು ಕೋಣೆಯಲ್ಲಿ ಕೂತು ಒಂದೇ ಕ್ಯಾಮೆರಾ, ಒಂದೇ ಮೈಕ್ ಬಳಸುವುದು: 720ಪಿ ಚಿತ್ರಕ್ಕೆ ಅಪ್ 2.6, ಡೌನ್ 1.8ರಲ್ಲಿ ಮುಗಿಯಿತು.

ಟೀಮ್ಸ್ ಬಳಸುವವರಿಗೆ ಒಂದು ಮಾತು. ಗುಂಪು ಮೀಟಿಂಗ್ ವಿಡಿಯೊಗೆ ಮೈಕ್ರೋಸಾಫ್ಟ್ ಶಿಫಾರಸು ಮಾಡುವುದು ಅಪ್ 2.5, ಡೌನ್ 4 ಎಂಬಿಪಿಎಸ್. ಕನಿಷ್ಠ ಮಾತ್ರ 150 ಮತ್ತು 200 ಕೆಬಿಪಿಎಸ್. ನಡುವೆ ಇಷ್ಟು ಅಂತರ ಇರುವುದು ಏಕೆಂದರೆ ಜಾಗ ಕಡಿಮೆಯಾದಂತೆ ಸಾಫ್ಟ್‌ವೇರೇ ಚಿತ್ರವನ್ನು ಕುಗ್ಗಿಸಿಕೊಳ್ಳುತ್ತದೆ. ಚಿತ್ರ ಮಸುಕಾದರೆ ಗಾಬರಿ ಬೇಡ. ಧ್ವನಿ ತುಂಡಾದರೆ ಲೈನು ನಿಜವಾಗಿಯೂ ತುಂಬಿದೆ ಎಂದುಕೊಳ್ಳಿ.

ರೂಟರ್‌ನ ಗ್ರಾಫ್ ನೋಡುವಾಗಲೂ ಹುಷಾರು. ಐದು ನಿಮಿಷದ ಸರಾಸರಿ ‘40%’ ಎಂದು ತೋರಿಸುತ್ತಿದ್ದಾಗಲೇ ಒಳಗೆ ಹತ್ತು ಸೆಕೆಂಡ್ ಲೈನು ಪೂರ್ತಿ ತುಂಬಿರಬಹುದು, ಮೀಟಿಂಗ್ ಕೆಡಲು ಅಷ್ಟು ಸಾಕು. ಸಾಧ್ಯವಿದ್ದರೆ ಸೆಕೆಂಡಿನ ಲೆಕ್ಕದಲ್ಲಿ, ಸೋಮವಾರ 9:30ರಿಂದ 11ರವರೆಗೆ ನೋಡಿ.

ಪ್ರಶ್ನೆ: ಸಹಕಾರ ಸಂಘದ ಮುಖ್ಯ ಕಚೇರಿಗೂ ಶಾಖೆಗೂ ನಡುವೆ 2 ಎಂಬಿಪಿಎಸ್ ಲೀಸ್ಡ್ ಲೈನ್ (ನಮಗಷ್ಟೇ ಮೀಸಲಾದ ಬಾಡಿಗೆ ಲೈನು) ಇದೆ. ಶಾಖೆಯಲ್ಲಿ 30 ಐಪಿ ಫೋನ್ (ಡೇಟಾ ಲೈನಿನಲ್ಲೇ ಮಾತು ಸಾಗಿಸುವ ಫೋನ್) ಹಾಕಬೇಕೆಂದಿದ್ದೇವೆ. ಅದೇ ಲೈನಿನಲ್ಲಿ ಬ್ಯಾಂಕಿಂಗ್ ಸಾಫ್ಟ್‌ವೇರ್ ಕೂಡ ಓಡುತ್ತದೆ. ತಡೆದೀತೇ? (ದಾವಣಗೆರೆ)

ಉತ್ತರ: ತಡೆಯುತ್ತದೆ, ಆದರೆ ಎರಡು ಲೆಕ್ಕ ಮಾಡಬೇಕು. ಒಂದು ಕರೆಗೆ ಎಷ್ಟು? ಜಿ.711 ಎಂಬ ಕೋಡೆಕ್ (ಮಾತನ್ನು ಅಂಕಿಗಳಾಗಿಸುವ ವಿಧಾನ) 64 ಕೆಬಿಪಿಎಸ್ ಎನ್ನುತ್ತಾರೆ, ಅದು ಧ್ವನಿ ಮಾತ್ರ. 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್. ಒಂದೊಂದರಲ್ಲೂ 160 ಬೈಟ್ ಧ್ವನಿ, 40 ಬೈಟ್ ಐಪಿ-ಯುಡಿಪಿ-ಆರ್‌ಟಿಪಿ ಹೆಡರ್, ಈಥರ್ನೆಟ್‌ನ 18 ಬೈಟ್. ಒಟ್ಟು 218 ಬೈಟ್; 8ರಿಂದ (ಬೈಟಿಗೆ 8 ಬಿಟ್), 50ರಿಂದ ಗುಣಿಸಿದರೆ 87.2 ಕೆಬಿಪಿಎಸ್. ಮಾತನ್ನು ಇನ್ನೂ ಕುಗ್ಗಿಸುವ ಜಿ.729 ಕೋಡೆಕ್‌ನಲ್ಲಿ ಧ್ವನಿ 20 ಬೈಟ್ ಮಾತ್ರ, ಅದು 31.2. ಅಲ್ಲಿ ಸರಕಿಗಿಂತ ಮೂಟೆಯೇ ಭಾರ.

ಏಕಕಾಲಕ್ಕೆ ಎಷ್ಟು ಕರೆ? 30 ಫೋನ್ ಇದ್ದ ಮಾತ್ರಕ್ಕೆ 30 ಕರೆ ಇರುವುದಿಲ್ಲ. ದಿನದ ಅತಿ ಗದ್ದಲದ ಗಂಟೆಯಲ್ಲಿ ಫೋನಿಗೆ 6 ನಿಮಿಷ ಮಾತು ಎಂದಿಟ್ಟುಕೊಳ್ಳಿ: 180 ನಿಮಿಷ, ಅಂದರೆ ಆ ಗಂಟೆಯುದ್ದಕ್ಕೂ ಸರಾಸರಿ 3 ಕರೆ; ಇದನ್ನೇ 3 ಅರ್ಲಾಂಗ್ ಎನ್ನುತ್ತಾರೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಅರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರ ಇವತ್ತಿಗೂ ಇಲ್ಲಿ ಕೆಲಸಕ್ಕೆ ಬರುತ್ತದೆ. ನೂರರಲ್ಲಿ ಒಂದಕ್ಕಿಂತ ಹೆಚ್ಚು ಕರೆಗೆ ‘ಬ್ಯುಸಿ’ ಬರಬಾರದು ಎಂದರೆ 3 ಅರ್ಲಾಂಗ್‌ಗೆ 8 ಚಾನೆಲ್ (ಒಮ್ಮೆಗೆ 8 ಕರೆಗೆ ಜಾಗ) ಬೇಕು. 7 ಇದ್ದರೆ ನೂರಕ್ಕೆ ಎರಡು ತಪ್ಪುತ್ತವೆ.

ಜಿ.711ರಲ್ಲಿ 8 ಕರೆಗೆ ಸುಮಾರು 700 ಕೆಬಿಪಿಎಸ್. ಧ್ವನಿಯ ಆದ್ಯತೆಯ ಸರದಿಗೆ (ಮಾತನ್ನು ಉಳಿದದ್ದಕ್ಕಿಂತ ಮೊದಲು ಬಿಡುವ ಸಾಲು) ಲೈನಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಡಬಾರದು ಎಂಬುದು ಈ ಕೆಲಸದಲ್ಲಿ ರೂಢಿ. ನಿಮ್ಮದು ಅದನ್ನು ತುಸು ಮೀರುತ್ತದೆ. ಜಿ.729ರಲ್ಲಿ 250 ಕೆಬಿಪಿಎಸ್, ನೆಮ್ಮದಿ. ಆದರೆ ಜಿ.729ರ ಮೇಲೆ ಫ್ಯಾಕ್ಸ್ ಹೋಗುವುದಿಲ್ಲ. ‘ಕನ್ನಡಕ್ಕಾಗಿ 1 ಒತ್ತಿ’ ಎಂದಾಗ ಒತ್ತುವ ಗುಂಡಿಯ ಸದ್ದೂ ಧ್ವನಿಯೊಳಗೇ ಹೋದರೆ ಕೆಡುತ್ತದೆ, ಅದನ್ನು ಆರ್‌ಎಫ್‌ಸಿ 2833 (ಗುಂಡಿಯ ಒತ್ತನ್ನು ಧ್ವನಿಯಿಂದ ಬೇರೆಯಾಗಿ ಕಳಿಸುವ ವಿಧಾನ) ಎಂದು ಸೆಟ್ ಮಾಡಿ.

ನಿಮ್ಮ ಫೋನ್ ಎಕ್ಸ್‌ಚೇಂಜ್‌ನಲ್ಲಿ 8 ಕರೆಗಳ ಮಿತಿ ಹಾಕುವುದನ್ನು ಮರೆಯಬೇಡಿ. ಮಿತಿಯಿಲ್ಲದೆ ಒಂಬತ್ತನೆಯದು ಒಳಬಂದು ಜಾಗ ಸಾಲದೆ ಹೋದರೆ ಕೆಡುವುದು ಅದೊಂದೇ ಅಲ್ಲ, ಒಂಬತ್ತೂ ಕರೆಗಳಲ್ಲಿ ಪ್ಯಾಕೆಟ್ ಬೀಳುತ್ತದೆ.

ಪ್ರಶ್ನೆ: ಮನೆಯಿಂದ ಕೆಲಸ ಮಾಡುತ್ತೇನೆ. ಟೆಸ್ಟ್‌ನಲ್ಲಿ 40 ಎಂಬಿಪಿಎಸ್ ಬಂದರೂ ಕರೆಯಲ್ಲಿ ನನ್ನ ಮಾತು ಆಗಾಗ ನಿಂತು ಹೋಗುತ್ತದಂತೆ. ನನಗೆ ಅವರ ಮಾತು ಚೆನ್ನಾಗಿಯೇ ಕೇಳುತ್ತದೆ. (ಶಿರಸಿ ಹತ್ತಿರದ ಹಳ್ಳಿ)

ಉತ್ತರ: ನಿಮ್ಮ ಮಾತಷ್ಟೇ ನಿಲ್ಲುತ್ತದೆ ಎಂದರೆ ಹೊರಹೋಗುವ ದಾರಿಯಲ್ಲಿ ಸರದಿ ಬೆಳೆದಿದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ 8.8.8.8ಕ್ಕೆ (ಗೂಗಲ್‌ನ ಸರ್ವರ್) ನಿಲ್ಲದ ಪಿಂಗ್ (ಹೋಗಿಬರಲು ಎಷ್ಟು ಹೊತ್ತು ಎಂದು ಅಳೆಯುವ ಕಮಾಂಡ್) ಹಾಕಿ ಬಿಡಿ. ಸುಮ್ಮನಿದ್ದಾಗ 30 ಮಿಲಿಸೆಕೆಂಡ್ ಇದ್ದದ್ದು, ಫೋನಿನಿಂದ ಒಂದು ದೊಡ್ಡ ವಿಡಿಯೊ ಅಪ್‌ಲೋಡ್‌ಗೆ ಹಾಕಿದ ಕೂಡಲೇ 500, 800 ಎಂದು ಏರಿದರೆ ಕಳ್ಳ ಸಿಕ್ಕ. ರೂಟರ್ ತನ್ನೊಳಗೆ 256 ಕಿಲೋಬೈಟ್ ಸರದಿ ಇಟ್ಟುಕೊಂಡು, ಅಪ್‌ಲೋಡ್ 2 ಎಂಬಿಪಿಎಸ್ ಇದ್ದರೆ ಅದು ಖಾಲಿಯಾಗಲು ಒಂದು ಸೆಕೆಂಡ್ ಬೇಕು. ನಿಮ್ಮ ‘ಹಲೋ’ ಮದುವೆ ಫೋಟೊಗಳ ಹಿಂದೆ ನಿಂತು ಕಾಯುತ್ತದೆ. ಮಾತಿಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್ ಒಳಗೇ ಇರಬೇಕು.

ಫೋಟೊ ಬ್ಯಾಕಪ್ ರಾತ್ರಿಗೆ ಇಡಿ, ಒನ್‌ಡ್ರೈವ್ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ಮಿತಿ ಹಾಕಿ. ರೂಟರ್‌ನಲ್ಲಿ ಎಸ್‌ಕ್ಯೂಎಂ (ಸರದಿಯನ್ನು ಹತೋಟಿಯಲ್ಲಿಡುವ ಸೌಲಭ್ಯ) ಇದ್ದರೆ ನಿಜವಾದ ಅಪ್‌ಲೋಡ್‌ನ ಶೇ 85–90 ಬರೆಯಿರಿ, ಆಗ ಸರದಿ ಬೆಳೆಯುವುದಿಲ್ಲ. 4ಜಿ ಡಾಂಗಲ್ ಆದರೆ ವೇಗವೇ ಗಳಿಗೆಗೊಂದು ಥರ ಇರುವುದರಿಂದ ಈ ಉಪಾಯ ಅರ್ಧ ಫಲ ಮಾತ್ರ. ಹಳೆಯ ಮನೆಯ ದಪ್ಪ ಗೋಡೆ ದಾಟಿ ವೈ-ಫೈ ಬರುತ್ತಿದ್ದರೆ ಮೊದಲು ಒಂದು ಕೇಬಲ್ ಎಳೆದು ನೋಡಿ.

ಪ್ರಶ್ನೆ: ಹೊಸ ಫೈರ್‌ವಾಲ್ (ಒಳಹೊರಗಿನ ಡೇಟಾ ಕಾಯುವ ಸಾಧನ) ಬಂದ ದಿನದಿಂದ ಕರೆಗಳು ತಡವಾಗಿ ಕೇಳುತ್ತವೆ. ಲೈನು ಖಾಲಿಯೇ ಇದೆ. (ಮಂಗಳೂರು)

ಉತ್ತರ: ಯುಡಿಪಿ (ಕಳೆದ ಪ್ಯಾಕೆಟ್‌ಗೆ ಕಾಯದೆ ಮುಂದೆ ಕಳಿಸುವ ವಿಧಾನ) ಮುಚ್ಚಿರಬೇಕು. ಜೂಮ್‌ಗೆ 8801ರಿಂದ 8810, ಟೀಮ್ಸ್‌ಗೆ 3478ರಿಂದ 3481 ಯುಡಿಪಿ ಪೋರ್ಟ್‌ಗಳನ್ನು (ಡೇಟಾ ಹೋಗುವ ಬಾಗಿಲು) ಹೊರಕ್ಕೆ ತೆರೆಸಿ. ಅವು ಸಿಗದಿದ್ದರೆ ಕರೆ ಟಿಸಿಪಿ 443ಕ್ಕೆ ಹೋಗುತ್ತದೆ. ಅಲ್ಲಿ ಕಳೆದ ಪ್ಯಾಕೆಟ್ ಮತ್ತೆ ಬರುವವರೆಗೆ ಅದರ ಹಿಂದೆ ಬರುವುದೆಲ್ಲ ನಿಲ್ಲುತ್ತದೆ.

ಪ್ರಶ್ನೆ: ದಿನಕ್ಕೆ 1.5 ಜಿಬಿ ಪ್ಯಾಕ್‌ನಲ್ಲಿ ಎಷ್ಟು ಹೊತ್ತು ವಿಡಿಯೊ ಕಾಲ್? (ಕೋಲಾರ)

ಉತ್ತರ: 1 ಎಂಬಿಪಿಎಸ್ ಒಂದು ಗಂಟೆ ಓಡಿದರೆ 450 ಎಂಬಿ. ಇಬ್ಬರ ನಡುವಿನ ಸಾಧಾರಣ ಜೂಮ್ ವಿಡಿಯೊ ಎರಡೂ ದಿಕ್ಕಿಗೆ 600 ಕೆಬಿಪಿಎಸ್, ಗಂಟೆಗೆ 540 ಎಂಬಿ. ಪ್ಯಾಕ್ ಎರಡೂಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಬರೀ ಧ್ವನಿಯಾದರೆ ಗಂಟೆಗೆ 72 ಎಂಬಿ ದಾಟುವುದಿಲ್ಲ.